ಶಗ್ವಾನಸ್‌ನಲ್ಲಿ ಈಗ ಕಬ್ಬಿಲ್ಲ ಸ್ವಾಮಿ

ಮಾನ್ಯ ಸಂಪಾದಕರೇ,

ಕೆರಿಬಿಯನ್ ಭಾರತೀಯರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಹಳೆಯ ಕಥೆ ಚೆನ್ನಾಗಿ ಬರೆದಿದ್ದಾರೆ. ಆದರೆ ಟ್ರಿನಿಡಾಡ್‌ನ ಶಗ್ವಾನಸ್ ಊರನ್ನು ‘ಕಬ್ಬಿನ ಗದ್ದೆಗಳ ನಡುವಿನ ಪುಟ್ಟ ಪೇಟೆ’ ಅಂದಿದ್ದಾರಲ್ಲ, ಅಲ್ಲಿ ನನಗೆ ತಕರಾರು. ಕೆಲಸದ ಮೇಲೆ ಬಂದು ಈ ಊರಲ್ಲೇ ಬಾಡಿಗೆ ಮನೆ ಮಾಡಿಕೊಂಡಿರುವ ಕನ್ನಡಿಗ ನಾನು. ಇಲ್ಲಿ ಈಗ ಕಬ್ಬು ಹುಡುಕಿಕೊಂಡು ಹೋಗಬೇಕು. ಟ್ರಾಫಿಕ್ ಜಾಮ್ ಆದರೆ ಮನೆ ಬಾಗಿಲಿಗೇ ಬರುತ್ತೆ.

ಒಂದು ಕಾಲಕ್ಕೆ ಲೇಖನದಲ್ಲಿ ಹೇಳಿದ ಹಾಗೇ ಇತ್ತು, ಸುಳ್ಳಲ್ಲ. 1845ರಿಂದ 1917ರವರೆಗೆ ಕರಾರಿನ ಮೇಲೆ ಕೂಲಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿ ಸುತ್ತಮುತ್ತ ಕಬ್ಬು ಕಡಿದರು, ಮೇನ್ ರೋಡಿನಲ್ಲಿ ಅಂಗಡಿ ಇಟ್ಟರು. ನೀವು ಫೋಟೊ ಹಾಕಿರುವ ಲಯನ್ ಹೌಸ್ (ಲೇಖಕ ವಿ.ಎಸ್. ನೈಪಾಲ್ ಅವರ ತಾಯಿಯ ಮನೆತನದ ಮನೆ) ಕೂಡ ಆ ಮೇನ್ ರೋಡಿನದ್ದೇ, 1920ರ ದಶಕದ ಮನೆ. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ಗೆ ರೈಲಿತ್ತು. 1968ರಲ್ಲಿ ಅದನ್ನು ನಿಲ್ಲಿಸಿದರು. ಎಪ್ಪತ್ತರ ದಶಕದಲ್ಲಿ ತೈಲದ ದುಡ್ಡು ಬಂತು, ಜನ ಕಾರು ಕೊಂಡರು, ಗದ್ದೆ ಇದ್ದ ಕಡೆ ಒಂದೊಂದೇ ಬಡಾವಣೆ ಎದ್ದಿತು. 1990ರಲ್ಲಿ ಊರಿಗೆ ಬರೋ ಅಂತ ಪುರಸಭೆಯ ದರ್ಜೆ ಸಿಕ್ಕಿತು. 2011ರ ಜನಗಣತಿಯಲ್ಲಿ ಜನಸಂಖ್ಯೆ 83 ಸಾವಿರ ದಾಟಿತ್ತು. ದೇಶದಲ್ಲೇ ಇರುವುದು 13 ಲಕ್ಷ ಜನ ಅನ್ನುವುದನ್ನು ನೆನಪಿಡಿ.

ಕಬ್ಬಿಗೆ ಕೊನೆ ಮೊಳೆ ಹೊಡೆದದ್ದು 2003. ಸರ್ಕಾರಿ ಸಕ್ಕರೆ ಕಂಪನಿ ಕರೋನಿಯನ್ನು ಮುಚ್ಚಿದರು, ಸುಮಾರು 9 ಸಾವಿರ ಜನ ಪರಿಹಾರ ತೆಗೆದುಕೊಂಡು ಮನೆಗೆ ಹೋದರು. ಅವರಿಗೆ ಎರಡೆರಡು ಎಕರೆ ಜಮೀನು, ಮನೆ ಕಟ್ಟಲು ಒಂದು ಸೈಟು ಅಂತ ಮಾತು ಕೊಟ್ಟಿದ್ದರು. ಕಾಗದಪತ್ರಕ್ಕಾಗಿ ಎಷ್ಟೋ ಜನ ವರ್ಷಗಟ್ಟಲೆ ಅಲೆದರು. ನಿಮ್ಮ ಲೇಖನ 1917ಕ್ಕೇ ನಿಂತುಬಿಟ್ಟಿದೆ, ಈ ಮಾತೇ ಅದರಲ್ಲಿಲ್ಲ!

ಈಗ ಬೆಳಗಿನ ಜಾವ ಬಂದು ನೋಡಿ. ಇನ್ನೂ ಕತ್ತಲಿರುತ್ತೆ, ಮ್ಯಾಕ್ಸಿ ಸ್ಟ್ಯಾಂಡಿನಲ್ಲಿ ಆಗಲೇ ಕ್ಯೂ. ಮ್ಯಾಕ್ಸಿ ಅಂದರೆ ನಮ್ಮ ಟೆಂಪೋ ಟ್ರಾವೆಲರ್ ಥರದ ವ್ಯಾನು, ಈ ದಾರಿಯದಕ್ಕೆ ಹಸಿರು ಪಟ್ಟಿ. ಪಕ್ಕದಲ್ಲಿ ಡಬಲ್ಸ್ ಅನ್ನುವ ತಿಂಡಿ ಮಾರುವವರು ಎರಡು ಮೆತ್ತನೆಯ ಬರಾ (ಎಣ್ಣೆಯಲ್ಲಿ ಕರಿದ ಪುಟ್ಟ ರೊಟ್ಟಿ) ಹರಡಿ, ಮೇಲೆ ಕಡಲೆಕಾಳಿನ ಸಾರು ಸುರಿದು, ‘ಸ್ಲೈಟ್ ಪೆಪ್ಪರ್?’ ಅಂತ ಕೇಳಿ, ಕಾಗದದಲ್ಲಿ ಸುತ್ತಿ ಕೈಗಿಡುತ್ತಾರೆ. (ಸ್ಲೈಟ್ ಅಂದರೂ ಖಾರ ನೆತ್ತಿಗೇರುತ್ತೆ, ಹುಷಾರು.) ರಾಜಧಾನಿ ಇರುವುದು ಸುಮಾರು 20 ಕಿಲೋಮೀಟರ್ ದೂರದಲ್ಲಿ. ಆದರೆ ಯೂರಿಯಾ ಬಟ್ಲರ್ ಹೆದ್ದಾರಿಯಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಒಂದೇ ದಿಕ್ಕಿಗೆ ಹೊರಡುತ್ತಾರೆ, ಸಂಜೆ ಅಷ್ಟೂ ಜನ ವಾಪಸ್. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮುಂದೆ ಕ್ರಾಸಿನಲ್ಲಿ ಸಿಗ್ನಲ್ ತೆಗೆದು ಫ್ಲೈಓವರ್ ಹಾಕಿದರು, ಜಾಮ್ ಇನ್ನೊಂಚೂರು ಮುಂದೆ ಹೋಗಿ ನಿಂತಿತು ಅಷ್ಟೆ. ಹೊಸ ರೈಲಿನ ಯೋಜನೆಯೂ ಆಗಿತ್ತು, 2010ರಲ್ಲಿ ಬಂದ ಸರ್ಕಾರ ಅದನ್ನು ಕೈಬಿಟ್ಟಿತು.

ಊರು ಬೆಳೆದಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕಬ್ಬು ಕಡಿಯುವುದು ಬೆನ್ನು ಮುರಿಯುವ ಕೆಲಸ, ಆ ಮನೆಗಳ ಹುಡುಗರಿಗೆ ಅದು ಬೇಕಾಗಿಯೂ ಇರಲಿಲ್ಲ. ಮಾಲ್ ಬಂದವು, ಬ್ಯಾಂಕ್ ಬಂದವು, ದೀಪಾವಳಿಗೆ ದೀವಾಲಿ ನಗರ್ ಅನ್ನುವ ದೊಡ್ಡ ಮೇಳವೇ ನಡೆಯುತ್ತೆ. ನನ್ನ ತಕರಾರು ಬೇರೆ. ಮನೆ ಕಟ್ಟುವಾಗ ಇದ್ದ ಆತುರ ಕೆಲಸ ತರುವಾಗ ಇರಲಿಲ್ಲ. ಚರಂಡಿ ವಿಷಯವಂತೂ ಬಿಡಿ, ತಗ್ಗಿನ ಜಾಗ, ಜೋರು ಮಳೆ ಬಂದರೆ ಅಂಗಳವೆಲ್ಲ ನೀರು. ಕೃಷಿ ಸಚಿವಾಲಯದ ಕಚೇರಿಯನ್ನು ಮಾತ್ರ ಇಲ್ಲಿಗೆ ತಂದಿದ್ದಾರೆ. ಬೆಳೆ ಹೋದ ಮೇಲೆ ಕೃಷಿ ಇಲಾಖೆ ಬಂತು ಅಂತ ನಗಬಹುದು, ಆದರೂ ಅದು ಸರಿಯಾದ ಹೆಜ್ಜೆ. ಇನ್ನೂ ನಾಲ್ಕು ಕಚೇರಿ ಹೀಗೇ ಬಂದರೆ ಹೆದ್ದಾರಿಗೆ ಮತ್ತೊಂದು ಲೇನ್ ಹಾಕುವುದಕ್ಕಿಂತ ಜಾಸ್ತಿ ಉಪಯೋಗ.

ಮುಂದಿನ ಸಲ ಟ್ರಿನಿಡಾಡ್ ಬಗ್ಗೆ ಬರೆಸುವಾಗ ಹಡಗು, ಕೂಲಿ, ಕಬ್ಬಿಗೇ ನಿಲ್ಲಿಸಬೇಡಿ. ಗಂಟೆಗಟ್ಟಲೆ ಹೆದ್ದಾರಿಯಲ್ಲಿ ಕೂರುವ ಅವರ ಮೊಮ್ಮಕ್ಕಳನ್ನೂ ಮಾತಾಡಿಸಿ. ಬೇಕಿದ್ದರೆ ಫೋಟೊ ನಾನೇ ಕಳಿಸುತ್ತೇನೆ.

— ನಿಮ್ಮ ಓದುಗ, ಶಗ್ವಾನಸ್, ಟ್ರಿನಿಡಾಡ್