ತೂತಿನ ತಟ್ಟೆಯ ಟಿ.ವಿ.: ಲೆಕ್ಕವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಟಿ.ವಿ.ಯ ಹುಟ್ಟಿನ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳು ಹೆಚ್ಚಾಗಿ ‘ಜಾನ್ ಲೋಗಿ ಬೇರ್ಡ್ ಕಂಡುಹಿಡಿದರು, ಆಮೇಲೆ ಎಲೆಕ್ಟ್ರಾನಿಕ್ ಟಿ.ವಿ. ಬಂತು’ ಎಂದು ಎರಡೇ ಮಾತಿನಲ್ಲಿ ಮುಗಿಯುತ್ತವೆ. ತಿರುಗುವ ತಟ್ಟೆಯಿಂದ ಚಿತ್ರ ಮೂಡಿಸುತ್ತಿದ್ದ ಯಾಂತ್ರಿಕ ಟಿ.ವಿ. ಹೇಗೆ ಕೆಲಸ ಮಾಡಿತು, ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಪ್ರೌಢಶಾಲೆಯ ಗಣಿತ ಗೊತ್ತಿದ್ದವರಿಗೂ ತಿಳಿಸಿಕೊಡಬಹುದು. ಅದನ್ನು ಬಿಟ್ಟರೆ ಮಕ್ಕಳಿಗೆ ದಕ್ಕುವುದು ಹೆಸರು, ಇಸವಿ ಮಾತ್ರ.

ಮೂಲ ಉಪಾಯ ಬೇರ್ಡ್ ಅವರದ್ದಲ್ಲ. ಬರ್ಲಿನ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಪೌಲ್ ನಿಪ್ಕೋ 1884ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರು. ತಟ್ಟೆಯ ಅಂಚಿನ ಬಳಿ ಸುರುಳಿಯಾಗಿ ತೂತುಗಳು; ಒಂದೊಂದು ತೂತೂ ಹಿಂದಿನದಕ್ಕಿಂತ ತನ್ನ ಅಗಲದಷ್ಟೇ ಒಳಗೆ. ತಟ್ಟೆ ತಿರುಗಿದಂತೆ ಪ್ರತಿ ತೂತೂ ಚಿತ್ರದ ಒಂದು ಪಟ್ಟಿಯನ್ನು ಸವರುತ್ತದೆ, ಒಂದು ಸುತ್ತಿಗೆ ಒಂದು ಚಿತ್ರ ಮುಗಿಯುತ್ತದೆ. ಆದರೆ ಆಗ ಬೆಳಕಿನ ಏರಿಳಿತವನ್ನು ಹಿಡಿಯಲು ಇದ್ದ ಸೆಲೆನಿಯಂ ಬಲು ನಿಧಾನ. ಕ್ಷೀಣ ಸಂಕೇತವನ್ನು ಹಿಗ್ಗಿಸುವ ವಾಲ್ವ್ ಆಂಪ್ಲಿಫೈಯರ್ ಹುಟ್ಟಿಯೇ ಇರಲಿಲ್ಲ. ಅಮೆರಿಕದ ಚಾರ್ಲ್ಸ್ ಫ್ರಾನ್ಸಿಸ್ ಜೆಂಕಿನ್ಸ್ 1925ರಲ್ಲಿ ಚಲಿಸುವ ನೆರಳು ಚಿತ್ರ ತೋರಿಸಿದರು. ನಸು ಬೆಳಕು, ನಸು ನೆರಳು ಎಲ್ಲ ಇರುವ ಮನುಷ್ಯನ ಮುಖವನ್ನು ಬೇರ್ಡ್ 1926ರ ಜನವರಿ 26ರಂದು ಲಂಡನ್ನಿನ ಫ್ರಿತ್ ಸ್ಟ್ರೀಟಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸದಸ್ಯರ ಮುಂದಿಟ್ಟರು. ಅವರ ನಿಜವಾದ ಸಾಧನೆ ಅದು, ಸಣ್ಣದೇನಲ್ಲ.

1929ರಿಂದ ಬಿಬಿಸಿ ಪ್ರಸಾರ ಮಾಡಿದ ಚಿತ್ರಕ್ಕೆ 30 ಲಂಬ ಪಟ್ಟಿಗಳು, ಸೆಕೆಂಡಿಗೆ 12.5 ಚಿತ್ರ, ಅಂದರೆ ತಟ್ಟೆ ನಿಮಿಷಕ್ಕೆ 750 ಸುತ್ತು ತಿರುಗಬೇಕು. ಎತ್ತರ, ಅಗಲ 7:3. ಒಂದು ಪಟ್ಟಿಯಲ್ಲಿ 70 ಚುಕ್ಕೆ ಎಂದರೆ ಚಿತ್ರಕ್ಕೆ 2,100, ಸೆಕೆಂಡಿಗೆ 26,250. ಎರಡು ಚುಕ್ಕೆಗೆ ಒಂದು ಆವರ್ತದಂತೆ ಸುಮಾರು 13 ಕಿಲೋಹರ್ಟ್ಸ್. ಧ್ವನಿಗೆಂದು ಕಟ್ಟಿದ ಮಧ್ಯಮ ತರಂಗದ ರೇಡಿಯೊದಲ್ಲಿ ಚಿತ್ರ ಹೋಗಲು ಸಾಧ್ಯವಾದದ್ದು ಈ ಸಂಖ್ಯೆ ಅಷ್ಟು ಚಿಕ್ಕದಾಗಿದ್ದರಿಂದ.

ಈಗ ತಟ್ಟೆಯ ಅಳತೆ ನೋಡಿ. ಅಕ್ಕಪಕ್ಕದ ಎರಡು ತೂತುಗಳ ನಡುವಿನ ಅಂತರವೇ ಚಿತ್ರದ ಎತ್ತರ. ತೂತುಗಳ ವೃತ್ತದ ತ್ರಿಜ್ಯ 240 ಮಿ.ಮೀ. ಇದ್ದರೆ ಪರಿಧಿ ಸುಮಾರು 1,508 ಮಿ.ಮೀ., ಚಿತ್ರದ ಎತ್ತರ 50 ಮಿ.ಮೀ., ಅಗಲ 21.5. ಅರ್ಧ ಮೀಟರ್ ತಟ್ಟೆಗೆ ಬೆಂಕಿಪೊಟ್ಟಣದಷ್ಟು ಚಿತ್ರ! ಅದೇ ಎತ್ತರದಲ್ಲಿ 240 ಪಟ್ಟಿ ಬೇಕೆಂದರೆ ತಟ್ಟೆಯ ವ್ಯಾಸ ಸುಮಾರು 3.8 ಮೀಟರ್. ಬೆಳಕಿನ ಕಥೆ ಇನ್ನೂ ಕಷ್ಟ. ಯಾವ ಕ್ಷಣದಲ್ಲೂ ಒಂದೇ ತೂತು ತೆರೆದಿರುವುದರಿಂದ ಚಿತ್ರದ ಬೆಳಕಿನಲ್ಲಿ 2,100ನೇ ಒಂದು ಪಾಲು ಮಾತ್ರ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಫೋಟೊಸೆಲ್‌ಗೆ ಸಿಗುತ್ತದೆ. ಪಟ್ಟಿ ಹೆಚ್ಚಿದಷ್ಟೂ ತೂತು ಕಿರಿದು, ಬೆಳಕು ಇನ್ನೂ ಕಡಿಮೆ. ಹೀಗಾಗಿ ಸ್ಟುಡಿಯೊವನ್ನು ಕತ್ತಲೆ ಮಾಡಿ, ಪ್ರಖರ ದೀಪವನ್ನು ತಟ್ಟೆಯ ಹಿಂದಿಟ್ಟು, ತೂತಿನಿಂದ ಬಂದ ಬೆಳಕಿನ ಚುಕ್ಕೆಯನ್ನು ಮುಖದ ಮೇಲೆ ಓಡಿಸುವ ಕ್ರಮ ಬಂತು. ಅದು ಹೊರಾಂಗಣಕ್ಕೆ ಆಗದು. 1936ರ ನವೆಂಬರ್ 2ರಂದು ಅಲೆಕ್ಸಾಂಡ್ರಾ ಪ್ಯಾಲೆಸ್‌ನಿಂದ ಬಿಬಿಸಿ ಸೇವೆ ಆರಂಭವಾದಾಗ ಬೇರ್ಡ್ ಕಂಪನಿಯ 240 ಪಟ್ಟಿಗಳ ವ್ಯವಸ್ಥೆ ಮೊದಲು ಫಿಲ್ಮಿಗೆ ಚಿತ್ರೀಕರಿಸಿ, ಸುಮಾರು ಒಂದು ನಿಮಿಷದೊಳಗೆ ಸಂಸ್ಕರಿಸಿ, ಆ ಫಿಲ್ಮನ್ನು ಸ್ಕ್ಯಾನ್ ಮಾಡುತ್ತಿತ್ತು. ಮಾರ್ಕೋನಿ-ಇಎಂಐ ಕಂಪನಿಯ 405 ಪಟ್ಟಿಗಳ ಎಲೆಕ್ಟ್ರಾನಿಕ್ ಕ್ಯಾಮೆರಾದ ಮುಂದೆ ಅದು 1937ರ ಆರಂಭಕ್ಕೇ ಬದಿಗೆ ಸರಿಯಿತು.

ಇದನ್ನು ಶಾಲೆಯ ವಿಜ್ಞಾನ ಮಾದರಿಯಾಗಿ ಮಾಡಿಸುವುದು ಸಾಧ್ಯ, ಮಾಡಿಸಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಮೇಲಿನ ಅಳತೆಗೆ 30 ತೂತು, 12 ಡಿಗ್ರಿಗೊಂದು, ವ್ಯಾಸ 0.7 ಮಿ.ಮೀ., ಪ್ರತಿ ತೂತೂ 0.7 ಮಿ.ಮೀ. ಒಳಕ್ಕೆ. ಕೆಡುವುದು ಇಲ್ಲೇ. ಒಂದು ತೂತು ತುಸು ಹೆಚ್ಚು ಒಳಗೆ ಸರಿದರೆ ಒಂದು ಬದಿ ಕಪ್ಪು ಗೆರೆ, ಇನ್ನೊಂದು ಬದಿ ಬಿಳಿ ಗೆರೆ. ಕೋನದಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಆ ಪಟ್ಟಿ 2 ಮಿ.ಮೀ. ಮೇಲೆ ಕೆಳಗೆ ಸರಿದು ಮುಖ ಹರಿದಂತೆ ಕಾಣುತ್ತದೆ. ಒಂದು ತೂತಿನಲ್ಲಿ ಧೂಳು ಕೂತರೆ ಆ ಪಟ್ಟಿಯೇ ಮಾಯ. ತಟ್ಟೆಗೆ ಹೊಳಪಿಲ್ಲದ ಕಪ್ಪು ಬಣ್ಣ ಬೇಕು. ಅಂಚು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುವುದರಿಂದ ಸುತ್ತ ಗಟ್ಟಿ ಕವಚ ಇಲ್ಲದೆ ಮೋಟರ್ ಹಾಕಬಾರದು.

ಚಿತ್ರ ಕಳಿಸುವ ತಟ್ಟೆಗೂ ನೋಡುವ ತಟ್ಟೆಗೂ ವೇಗದಲ್ಲಿ ನಿಮಿಷಕ್ಕೆ ಒಂದೇ ಸುತ್ತು ವ್ಯತ್ಯಾಸವಾದರೂ ಚಿತ್ರ ಪ್ರತಿ ಸೆಕೆಂಡಿಗೆ ಅರ್ಧ ಎತ್ತರದಷ್ಟು ಜಾರುತ್ತದೆ. ಬೇರ್ಡ್ ಕಂಪನಿಯ ಟೆಲಿವೈಸರ್ ಎಂಬ ಟಿ.ವಿ. ಪೆಟ್ಟಿಗೆಯಲ್ಲಿ ಇದನ್ನು ಹಿಡಿದಿಡಲು 30 ಹಲ್ಲಿನ ಚಕ್ರವಿತ್ತು. ಚಿತ್ರಸಂಕೇತದಲ್ಲೇ ಸೆಕೆಂಡಿಗೆ 375 ಸಲ ಬರುವ ಮಿಡಿತ ಅದನ್ನು ವಿದ್ಯುತ್ಕಾಂತದಿಂದ ಎಳೆದು ಲಯಕ್ಕೆ ತರುತ್ತಿತ್ತು. ಮಾದರಿಯಲ್ಲಿ ವೇಗ ಪರೀಕ್ಷಿಸಲು ತಟ್ಟೆಯ ಮೇಲೆ ಸಮ ಅಂತರದಲ್ಲಿ 8 ಬಿಳಿ ಗೆರೆ ಎಳೆದು, 50 ಹರ್ಟ್ಸ್ ವಿದ್ಯುತ್ತಿನಲ್ಲಿ ಮಿನುಗುವ ದೀಪದಡಿ ನೋಡಿದರೆ ಸಾಕು: 750ಕ್ಕೆ ಸರಿಯಾಗಿ ಗೆರೆಗಳು ನಿಂತಂತೆ ಕಾಣುತ್ತವೆ.

ನೋಡುವ ತಟ್ಟೆಯ ಹಿಂದೆ ಸಂಕೇತಕ್ಕೆ ತಕ್ಕಂತೆ ಬೆಳಗುತ್ತಿದ್ದ ಅಂದಿನ ನಿಯಾನ್ ದೀಪದ ಬದಲು ಎಲ್‌ಇಡಿ ಬಳಸಬಹುದು, ಮುಂದೆ ಬೆಳಕು ಹರಡುವ ಹಾಳೆ ಇರಲಿ. ತಂತಿಯ ಬಲ್ಬ್ ಬೇಡ. ತಂತಿ ಅಷ್ಟು ಬೇಗ ಆರುವುದಿಲ್ಲ. ಸಂಕೇತದ ಜೊತೆಗೆ ಎಲ್‌ಇಡಿಗೆ ಸ್ಥಿರವಾದ ಅಲ್ಪ ವಿದ್ಯುತ್ ಕೊಡದಿದ್ದರೆ ಕಪ್ಪು ಭಾಗದ ವಿವರವೆಲ್ಲ ಕಳೆದುಹೋಗುತ್ತದೆ. ಸಂಕೇತವನ್ನು ಕಂಪ್ಯೂಟರಿನಲ್ಲಿ ಉಳಿಸುವುದಾದರೆ ಎಂಪಿ3 ಬೇಡ, ಏನನ್ನೂ ಕತ್ತರಿಸದ ಡಬ್ಲ್ಯುಎವಿ (WAV) ಕಡತವೇ ಆಗಬೇಕು. ಕಿವಿಗೆ ಕೇಳದ್ದನ್ನು ಎಂಪಿ3 ಕತ್ತರಿಸುತ್ತದೆ, ಆ ಕತ್ತರಿಸಿದ್ದು ಕಣ್ಣಿಗೆ ಕಾಣುತ್ತದೆ.

ಇತಿ,
ನಿಮ್ಮ ಓದುಗರು