ಬಸು ಸೊರಗಿಲ್ಲವ್ವ
ಡಲ್ಲಾಸ್, ಅಮೆರಿಕ

ಅವ್ವಗ, ಅಪ್ಪಗ ಶರಣಾರ್ಥಿ. ನಾವೆಲ್ಲ ಆರಾಮ ಇದ್ದೀವಿ, ಇವರೂ ಆರಾಮ. ಅಕ್ಕಗ, ವೈನಿಗ ಕೇಳ್ದೆ ಅಂತ ಹೇಳ್ರಿ.

ನಿನ್ನ ಮೊಮ್ಮಗ ಬಸು ಸೊರಗ್ಯಾನ ಅಂತ ನೀ ಬರ್ದ ಪತ್ರ ಓದಿ ರಾತ್ರಿ ನಿದ್ದಿ ಬರ್ಲಿಲ್ಲ. ಫೋನ್‌ನಾಗ ಹೇಳ್ಬೇಕಂದ್ರ ನೀ ಅಳ್ಳಾಕ ಸುರು ಮಾಡ್ತಿ, ಅದಕ್ಕ ಬರ್ದೇ ಹೇಳ್ತೀನಿ, ಬಸು ಸೊರಗಿಲ್ಲ. ವಿಡಿಯೋದಾಗ ಬಾಜೂ ಮನಿ ಹುಡುಗನ ಜೋಡಿ ನಿಂತಾಗ ಸಣ್ಣ ಕಾಣ್ತಾನ, ಅಷ್ಟೇ. ಆ ಹುಡುಗನ ಅಪ್ಪ ಬಾಗ್ಲದಾಗ ತಲಿ ಬಗ್ಗಿಸಿ ಒಳಗ ಬರ್ತಾನ, ನಿಮ್ಮ ಅಳಿಯನ ಎತ್ತರ ನಿನಗ ಗೊತ್ತೇ ಅದ. ಇಲ್ಲಿ ಡಾಕ್ಟರ್ ತೂಕ, ಎತ್ತರ ಎರಡೂ ಚಾರ್ಟಿನ ಗೆರಿ ಮ್ಯಾಲ ಗುರ್ತು ಹಾಕಿ ನೋಡ್ತಾರ, ಕೂಸು ಗುಂಡಗ ಇರ್ಬೇಕಂತ ಏನಿಲ್ಲ, ತನ್ನ ಗೆರಿ ಹಿಡ್ಕೊಂಡು ಬೆಳದ್ರ ಸಾಕು, ಅವ ಹಂಗೇ ಬೆಳೀಲಾಕತ್ತಾನ.

ಆ ದೇಶದ್ದು ತಿಂದು ಹಿಂಗಾಗ್ಯಾನ ಅಂತ ಬರ್ದಿ. ಅವ ತಿನ್ನೋದು ಜೋಳದ ರೊಟ್ಟಿನೇ ಅವ್ವ. ಇಲ್ಲಿ ಇಂಡಿಯನ್ ಅಂಗಡ್ಯಾಗಿನ ಹಿಟ್ಟು ಹಳೀದು, ಬಿಸಿನೀರಾಗ ನಾದಿದ್ರೂ ಬಡಿಯುವಾಗ ಅಂಚು ಒಡೀತದ, ಒಲಿಗೂ ಬೆಂಕಿ ಇಲ್ಲ, ಕರೆಂಟಿನ ಕಾಯಿಲ್ ಮ್ಯಾಲ ಜಾಳಗಿ ಇಟ್ಟು ಸುಡ್ತೀನಿ, ಒಂದೊಂದು ಉಬ್ಬತಾವ, ಒಂದೊಂದು ಇಲ್ಲ. ಅವ ಉಬ್ಬಿದ್ದೇ ಬೇಕಂತಾನ. ಶೇಂಗಾ ಹಿಂಡಿ ಮೊಸರು ಕಲ್ಸಿ ಕೊಟ್ರ ತಟ್ಟಿ ಖಾಲಿ. ಆದ್ರ ಸಾಲಿಗಿ ಶೇಂಗಾ ಒಯ್ಯಂಗಿಲ್ಲ ನೋಡು! ಕೆಲವು ಮಕ್ಕಳಿಗೆ ಅದರ ವಾಸನಿ ಬಡದ್ರೂ ಆಗಲ್ಲ ಅಂತ ಹೆದರ್ತಾರ, ಡಬ್ಬಿ ತಗದು ನೋಡ್ತಾರ. ಅದಕ್ಕ ಸಾಲಿಗಿ ಅಗಸಿ ಹಿಂಡಿ ಕಟ್ತೀನಿ.

ಬಾಜೂ ಮನ್ಯವರು ಕೆಟ್ಟವರಂತ ಅಲ್ಲ ಮತ್ತ. ಅವರ ಕೂಸು ವರ್ಷ ತುಂಬುದ್ರಾಗ ಎತ್ತರದ ಕುರ್ಚಿ ಮ್ಯಾಲ ಕೂತು ತನ್ನ ಕೈಲೇ ಮೆತ್ತಗ ಕುದಿಸಿದ ಗಜ್ಜರಿ ತಿಂತಿತ್ತು, ಯಾರೂ ಹಿಂದ ತುತ್ತು ಹಿಡ್ಕೊಂಡು ಓಡ್ಲಿಲ್ಲ. ಇದು ನಮ್ಮವರು ಕಲೀಬೇಕು. ಆದ್ರ ಈಗ ಸಾಲ್ಯಾಗ ಪಿಜ್ಜಾ, ಚಾಕ್ಲೇಟ್ ಹಾಲು, ಮನ್ಯಾಗ ಚಿಪ್ಸ್, ಸೋಡಾ. ಇಲ್ಲಿ ಸಂಶೋಧನಿ ಮಾಡಿದವರೂ ಇದನ್ನೇ ಹೇಳ್ತಾರ, ಹೊರಗಿಂದ ಬಂದವರ ಮಕ್ಕಳು ಇಲ್ಲೇ ಹುಟ್ಟಿ ಬೆಳೆದವರ ಮಕ್ಕಳಿಗಿಂತ ಹಣ್ಣು, ಕಾಯಿಪಲ್ಯ, ಬ್ಯಾಳಿ ಹೆಚ್ಚು ತಿಂತಾರ, ಎಲ್ಲಾ ದೇಶದವರದೂ ಒಂದೇ ಥರ ಇಲ್ಲ ಖರೆ, ಆದ್ರ ವರ್ಷ ಕಳದಂಗ, ಪೀಳಿಗಿ ಇಳದಂಗ ಊಟ ಇಲ್ಲೀದೇ ಆಗ್ತದ. ನನಗ ಚಿಂತಿ ಅಂದ್ರ ಅದು. ಬಸು ಸಣ್ಣ ಅದಾನ ಅಂತ ಅಲ್ಲ, ನಾಳೆ ಪುಂಡಿ ಪಲ್ಯ ಬ್ಯಾಡ, ಮ್ಯಾಕ್ ಅಂಡ್ ಚೀಸೇ ಬೇಕು ಅಂತಾನಲ್ಲ, ಆಗ.

ಇನ್ನ ದಪ್ಪ ಮಾಡು, ತುಪ್ಪ ಹಾಕು, ಲೋಟಗಟ್ಲೆ ಹಾಲು ಕುಡಸು ಅಂತಿ. ಅಪ್ಪ ಯಾವಾಗ ದಪ್ಪ ಇದ್ರು? ಆದ್ರೂ ಶುಗರ್ ಬಂತಲ್ಲ. ನಮ್ಮ ಮಂದಿಗಿ ಕಡಿಮಿ ತೂಕಕ್ಕೇ ಬರ್ತದ, ಅದಕ್ಕೇ ಇಲ್ಲಿ ಡಯಾಬಿಟಿಸ್ ಅಸೋಸಿಯೇಷನ್‌ನವರು ಬ್ಯಾರೆ ದೊಡ್ಡವರಿಗೆ ಬಿಎಂಐ, ಅಂದ್ರ ಎತ್ತರಕ್ಕ ತೂಕದ ಲೆಕ್ಕ, 25 ಆದ್ರ ಶುಗರ್ ಟೆಸ್ಟ್ ಅಂತ ಇಟ್ಟು, ಏಷ್ಯಾದವರಿಗೆ 2015ರಿಂದ 23ಕ್ಕೇ ಟೆಸ್ಟ್ ಅಂತ ಮಾಡ್ಯಾರ. ಹಾಲೂ ಎರಡು ಕಪ್ ಸಾಕು, ಹೊಟ್ಟಿ ಹಾಲಿಂದೇ ತುಂಬಿದ್ರ ಊಟ ಬಿಡ್ತಾನ, ರಕ್ತ ಕಡಿಮಿ ಆಗ್ತದ.

ಒಂದು ಕೈಮುಗಿದು ಕೇಳ್ತೀನಿ, ವಿಡಿಯೋದಾಗ ಅವನ ಮುಂದ ಸೊರಗಿ ಅನಬ್ಯಾಡ. ಮೊನ್ನಿ ಕನ್ನಡಿ ಮುಂದ ನಿಂತು ಅಂಗಿ ಎತ್ತಿ ಪಕ್ಕಿ ಎಲಬು ಎಣಸ್ಲಾಕತ್ತಿದ್ದ, ನನಗ ಹೊಟ್ಟ್ಯಾಗ ಕಸಿವಿಸಿ ಆಯ್ತು. ಏನು ಉಂಡಿ, ರೊಟ್ಟಿ ಉಬ್ಬಿತ್ತೇನು ಅಂತ ಕೇಳು, ಅರ್ಧ ತಾಸು ಹೇಳ್ತಾನ.

ಚಿಂತಿ ಮಾಡಬ್ಯಾಡ, ಖರೇನೇ ಛಲೋ ಇದ್ದಾನ, ಭಾಳ ಛಲೋ ಇದ್ದಾನ. ಯಾರರೆ ಬರೋರಿದ್ರ ನಮ್ಮ ಕಲಬುರಗಿ ತೊಗರಿ ಬ್ಯಾಳಿ ಕಳ್ಸು, 2019ರಾಗ ಜಿಐ ಟ್ಯಾಗ್, ಅಂದ್ರ ಆ ಊರಿಂದೇ ಅನ್ನೋ ಸರ್ಕಾರಿ ಗುರ್ತು, ಸಿಕ್ಕದ ಅಂತ ಇಲ್ಲಿ ಎಲ್ಲರಿಗೂ ಹೇಳಿ ಇಟ್ಟೀನಿ. ಅಪ್ಪಗ ಈ ತಿಂಗಳ ಶುಗರ್ ನೋಡ್ಸು, ಮರೀಬ್ಯಾಡ. ಇವರು ಕಾರ್ ಚಾಲೂ ಮಾಡ್ಯಾರ, ಬಸೂನ ಈಜು ಕ್ಲಾಸಿಗಿ ಬಿಡ್ಬೇಕು, ಉಳದದ್ದು ಐತವಾರ ಫೋನ್‌ನಾಗ.

ನಿನ್ನ ಮಗಳು