ರಾಜೀನಾಮೆ ಬರೆಯಬೇಡ ಕಣೋ

ಲೋ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ನಿನ್ನೆ ರಾತ್ರಿ ಮೂರು ಸಲ ಕೇಳಿದೆ. ಕಣ್ಣು ದಿನೇ ದಿನೇ ಮಂಜಾಗುತ್ತಿದೆ, ಕಡತ ಓದಲು ಆಗುತ್ತಿಲ್ಲ, ಎಲ್ಲರನ್ನೂ ಕೇಳಿ ಕೇಳಿ ಸಾಕಾಗಿದೆ, ಕೆಲಸ ಬಿಟ್ಟುಬಿಡ್ತೀನಿ ಅಂತೀಯ. ಬಿಡಬೇಡ. ಏಳು ವರ್ಷದ ಹಿಂದೆ ನಾನೂ ಇದೇ ಜಯನಗರದ ಮನೆಯಲ್ಲಿ ಕೂತು ರಾಜೀನಾಮೆ ಬರೆಸಿ ಇಟ್ಟಿದ್ದೆ. ನಿನಗೆ ಹೇಳಿರಲಿಲ್ಲ ಅಷ್ಟೇ.

ನನ್ನ ಕೆಲಸ ಉಳಿಸಿದ್ದು ಎನ್‌ವಿಡಿಎ ಅನ್ನುವ ಸಾಫ್ಟ್‌ವೇರ್. ಪರದೆ ಮೇಲಿರುವುದನ್ನೆಲ್ಲ ಓದಿ ಹೇಳುತ್ತದೆ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರು ಮಾಡಿದ್ದು, ನನ್ನ ಹಾಗೇ ಅವನಿಗೂ ಕಣ್ಣು ಕಾಣುವುದಿಲ್ಲ. ಇವತ್ತಿಗೂ ಬಿಟ್ಟಿ ಸಿಗುತ್ತದೆ. ಕನ್ನಡವನ್ನೂ ಓದುತ್ತದೆ, ದನಿ ಮಾತ್ರ ತಗಡಿನ ಡಬ್ಬದೊಳಗಿಂದ ಬಂದ ಹಾಗೆ. ಮೊದಲ ವಾರ ತಲೆ ಚಿಟ್ಟು ಹಿಡಿಯಿತು. ಈಗ ಅದನ್ನು ಎಷ್ಟು ವೇಗವಾಗಿ ಓದಿಸುತ್ತೇನೆ ಅಂದರೆ, ಪಕ್ಕದ ಸೀಟಿನವರು ಇದು ಯಾವ ಭಾಷೆ ಅಂತ ಕೇಳುತ್ತಾರೆ. ಮೌಸ್ ಮುಟ್ಟಿ ವರ್ಷಗಳಾದವು, ಎಕ್ಸೆಲ್ ಪೂರ್ತಿ ಕೀಬೋರ್ಡಿನಲ್ಲೇ.

ಆದರೆ ನಿಜವಾದ ತಲೆನೋವು ಕಂಪ್ಯೂಟರಿನದ್ದಲ್ಲ, ಜನ ಕಳಿಸುವ ಫೈಲುಗಳದ್ದು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ ತೆರೆದರೆ ಕನ್ನಡವೇ ಕೇಳಿಸುವುದಿಲ್ಲ, ಯಾಕೆಂದರೆ ಅದರೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಹಾಕಿರುವುದಷ್ಟೇ ಕನ್ನಡದ ವೇಷ. ಯೂನಿಕೋಡ್ ಆದರೆ ಸಲೀಸು, ಅದರಲ್ಲಿ ಒಳಗೂ ಕನ್ನಡ ಅಕ್ಷರವೇ ಇರುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಬರೀ ಫೋಟೋ, ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶ ಹಾಕಿ ಅಕ್ಷರ ಮಾಡಿಕೊಳ್ಳಬೇಕು, ಸೀಲು ಬಿದ್ದ ಕಡೆ ಅದೂ ಎಡವುತ್ತದೆ. ಮೊದಲಿದ್ದ ಆಫೀಸಿನಲ್ಲಿ "ಯೂನಿಕೋಡ್‌ನಲ್ಲಿ ಕಳಿಸಿ ಸಾರ್" ಅಂದರೆ, "ನಿಮ್ಮೊಬ್ಬರಿಗೋಸ್ಕರ ಎಲ್ಲಾ ಬದಲಾಯಿಸೋಕಾಗುತ್ತೇನ್ರೀ?" ಅಂದಿದ್ದರು ಸಾಹೇಬರು. ತಿಂಗಳಾಗುವಷ್ಟರಲ್ಲಿ ಅದೇ ಫೈಲು ಅವರ ಮೊಬೈಲಿನಲ್ಲಿ ಗಜಿಬಿಜಿ ಕಂಡಿತು, ಕೇಳೋಕೆ ನನ್ನ ಹತ್ತಿರವೇ ಬಂದರು! ಆಮೇಲೆ ಬೇಗ ಬದಲಾಯಿತು ಬಿಡು.

ನಿನ್ನದು ಸರ್ಕಾರಿ ಕೆಲಸ ಅಲ್ವಾ? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 20ನೇ ಸೆಕ್ಷನ್ ಯಾರ ಕೈಲಾದರೂ ಓದಿಸಿಕೋ. ಕೆಲಸದಲ್ಲಿರುವಾಗ ಅಂಗವೈಕಲ್ಯ ಬಂತು ಅಂತ ತೆಗೆಯುವ ಹಾಗಿಲ್ಲ, ಹುದ್ದೆ ಇಳಿಸುವ ಹಾಗೂ ಇಲ್ಲ. ಈಗಿನ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು. ಆದರೆ ನೀನಾಗಿಯೇ ರಾಜೀನಾಮೆ ಕೊಟ್ಟು ಕೂತರೆ ಯಾವ ಸೆಕ್ಷನ್ ತಗೊಂಡು ಏನು ಮಾಡ್ತೀಯ?

ಶನಿವಾರ ಲ್ಯಾಪ್‌ಟಾಪ್ ತಗೊಂಡು ಬಾ. ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಜಯನಗರದಲ್ಲಿ ಇಳಿಯಬಹುದು, ಸ್ಟೇಷನ್ನಿಗೆ ನಾನೇ ಬಂದಿರುತ್ತೇನೆ. ಇಯರ್‌ಫೋನ್ ಮರೀಬೇಡ. ಆ ಡಬ್ಬದ ದನಿ ಕೇಳಿದರೆ ನಮ್ಮಮ್ಮ ಇಬ್ಬರಿಗೂ ಸೇರಿಸಿ ಬೈತಾರೆ.

ನಿನ್ನ ಹಳೇ ಬೆಂಚಿನವ